ಹೊಸ ಮ್ಯಾಕ್‌ನಲ್ಲಿ ಹಳೇ ಸ್ಕ್ರಿಪ್ಟ್ ಓಡ್ತಿಲ್ಲ, ಲಿನಕ್ಸ್ ಹಾಕಲಾ?

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಹಳ್ಳಿಯವಳು. ಬಿಸಿಎ ಓದುವಾಗ ಲ್ಯಾಬ್‌ನಲ್ಲಿ ಉಬುಂಟು ಲಿನಕ್ಸ್ ಬಳಸಿ ಅಭ್ಯಾಸ. ಈಗ ಎಂ ಸರಣಿಯ ಚಿಪ್ ಇರುವ ಹೊಸ ಮ್ಯಾಕ್‌ಬುಕ್ ತೆಗೆದುಕೊಂಡಿದ್ದೇನೆ. ಅಪ್ಪ ಡೈರಿಯಲ್ಲಿ ಬರೆದಿಟ್ಟ ತೋಟದ ಮಳೆ ಲೆಕ್ಕವನ್ನು ಸಿಎಸ್‌ವಿ ಫೈಲ್ ಮಾಡಿ, ತಿಂಗಳ ಮೊತ್ತ ತೆಗೆಯುವ ಬ್ಯಾಷ್ ಸ್ಕ್ರಿಪ್ಟ್ ಬರೆದಿದ್ದೆ. ಉಬುಂಟುವಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಇಲ್ಲಿ ಅದರಲ್ಲಿರುವ ಸೆಡ್, ಡೇಟ್, ಡಿಕ್ಲೇರ್ ಕಮಾಂಡ್ ಮೂರೂ ತಪ್ಪು ತೋರಿಸುತ್ತವೆ. ಟೂಲ್‌ಗಳನ್ನು ತರಿಸಿ ಹಾಕಿಕೊಡುವ ಹೋಮ್‌ಬ್ರೂ ಹಾಕಿದ್ದೇನೆ, ಆದರೆ ಬ್ರೂ ಅಂತ ಟೈಪ್ ಮಾಡಿದರೆ ‘ಕಮಾಂಡ್ ನಾಟ್ ಫೌಂಡ್’. ಇದನ್ನೆಲ್ಲ ತೆಗೆದು ಲಿನಕ್ಸ್ ಹಾಕು ಅಂತ ಗೆಳೆಯರು ಹೇಳ್ತಾರೆ. ನಮ್ಮ ಕಡೆ ನೆಟ್ ಬೇರೆ ಅಷ್ಟಕ್ಕಷ್ಟೆ. ಏನು ಮಾಡಲಿ ಸರ್?

ಉತ್ತರ: ಲಿನಕ್ಸ್ ವಿಚಾರ ಸದ್ಯಕ್ಕೆ ಬಿಡಿ. ನಿಮ್ಮ ಕೈಲಿರೋದೇ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್. 2007ರ ಲೆಪರ್ಡ್ ಆವೃತ್ತಿಗೇ ಆಪಲ್ ಅಧಿಕೃತ ಯುನಿಕ್ಸ್ ಪ್ರಮಾಣಪತ್ರ ಪಡೆದಿತ್ತು. ನೀವು ಕಲಿತ ಉಬುಂಟುಗೆ ಆ ಪತ್ರ ಇಲ್ಲ ಅನ್ನೋದು ತಮಾಷೆ.

ತೊಂದರೆ ಇರೋದು ಬೇರೆ ಕಡೆ. ಉಬುಂಟುವಿನ ಸೆಡ್, ಡೇಟ್ ಎಲ್ಲ ಗ್ನೂ ಯೋಜನೆಯವು. ಮ್ಯಾಕ್‌ನವು ಬಿಎಸ್‌ಡಿ ಎಂಬ ಯುನಿಕ್ಸ್ ಕವಲಿನವು. ಹೆಸರು ಒಂದೇ, ಮನೆತನ ಬೇರೆ. ಹಾಗಾಗಿ ಮ್ಯಾಕ್‌ನಲ್ಲಿರುವುದನ್ನು ತೆಗೆಯಲು ಹೋಗಬೇಡಿ. ಪಕ್ಕದಲ್ಲಿ ನಿಮಗೆ ಬೇಕಾದ್ದನ್ನು ಹಾಕಿಕೊಳ್ಳಿ.

ಮೊದಲು ಬ್ರೂ. ಅದು ಇನ್‌ಸ್ಟಾಲ್ ಆಗಿದೆ, ಟರ್ಮಿನಲ್‌ಗೆ ಎಲ್ಲಿದೆ ಅಂತ ಗೊತ್ತಿಲ್ಲ ಅಷ್ಟೆ. ಹಳೇ ಇಂಟೆಲ್ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ‘/ಯುಎಸ್ಆರ್/ಲೋಕಲ್’ ಒಳಗೆ ಕೂರುತ್ತಿತ್ತು. ಆ ಜಾಗ ಟರ್ಮಿನಲ್ ಕಮಾಂಡ್ ಹುಡುಕುವ ಜಾಗಗಳ ಪಟ್ಟಿಯಲ್ಲಿ, ಅಂದರೆ ಪಾತ್‌ನಲ್ಲಿ, ಮೊದಲೇ ಇತ್ತು. ನಿಮ್ಮಂಥ ಹೊಸ ಚಿಪ್‌ನ ಮ್ಯಾಕ್‌ಗಳಲ್ಲಿ ಅದು ‘/ಆಪ್ಟ್/ಹೋಮ್‌ಬ್ರೂ’ ಒಳಗೆ ಹೋಗುತ್ತದೆ. ಈ ಜಾಗವನ್ನು ನಾವೇ ಸೇರಿಸಬೇಕು. ಹಳೇ ವಿಡಿಯೋ ನೋಡಿ ಮಾಡಿದವರೆಲ್ಲ ಎಡವೋದು ಇಲ್ಲೇ. ಇನ್‌ಸ್ಟಾಲ್ ಮುಗಿದಾಗ ಕೊನೆಯಲ್ಲಿ ‘ನೆಕ್ಸ್ಟ್ ಸ್ಟೆಪ್ಸ್’ ಅಂತ ಕೆಲವು ಸಾಲು ಬಂದಿರುತ್ತವೆ, ಯಾರೂ ಓದೋದಿಲ್ಲ. ಕಿಟಕಿ ಮುಚ್ಚಿಬಿಟ್ಟಿದ್ದರೆ ಹೋಮ್‌ಬ್ರೂ ಸೈಟಿನ ಅದೇ ಇನ್‌ಸ್ಟಾಲ್ ಸಾಲನ್ನು ಇನ್ನೊಮ್ಮೆ ಓಡಿಸಿ, ಏನೂ ಹಾಳಾಗೋದಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಏನೂ ಕಾಣೋದಿಲ್ಲ, ಗಾಬರಿ ಬೇಡ. ಕೊನೆಯ ಆ ಸಾಲುಗಳನ್ನು ಕಾಪಿ ಮಾಡಿ ಓಡಿಸಿ, ಹೊಸ ಟರ್ಮಿನಲ್ ಕಿಟಕಿ ತೆರೆಯಿರಿ. ಬ್ರೂ ಸಿಗುತ್ತದೆ.

ನೆಟ್ ಬಗ್ಗೆ ಒಂದು ಸಮಾಧಾನ. ಇದರಲ್ಲಿ ಭಾರವಾದ ಡೌನ್‌ಲೋಡ್ ಅಂದರೆ ಆಪಲ್‌ನ ಕಮಾಂಡ್ ಲೈನ್ ಟೂಲ್ಸ್. ಗಿಟ್, ಮೇಕ್, ಸಿ ಕಂಪೈಲರ್ ಬರೋದು ಅದರಲ್ಲೇ. ಅದು ಇಲ್ಲದಿದ್ದರೆ ಹೋಮ್‌ಬ್ರೂ ತಾನೇ ತರಿಸಿಕೊಳ್ಳುತ್ತದೆ, ಅಂದರೆ ನಿಮ್ಮಲ್ಲಿ ಆಗಲೇ ಬಂದಿದೆ. ಆಪ್ ಸ್ಟೋರ್‌ನಿಂದ ಪೂರ್ತಿ ಎಕ್ಸ್‌ಕೋಡ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಹಲವು ಜಿಬಿ, ನಿಮಗೆ ಅದರ ಕೆಲಸವೇ ಇಲ್ಲ. ಉಳಿದ ಚಿಲ್ಲರೆ ಟೂಲ್‌ಗಳನ್ನು ಚಿಕ್ಕಮಗಳೂರಿಗೆ ಹೋದ ದಿನ ಒಳ್ಳೇ ವೈಫೈನಲ್ಲಿ ಒಟ್ಟಿಗೆ ಹಾಕಿಕೊಂಡು ಬನ್ನಿ: ‘ಬ್ರೂ ಇನ್‌ಸ್ಟಾಲ್’ ಅಂತ ಬರೆದು ಮುಂದೆ ಕೋರ್‌ಯುಟಿಲ್ಸ್ (ಗ್ನೂ ಡೇಟ್ ಇರೋದು ಇದರಲ್ಲಿ), ಗ್ನೂ-ಸೆಡ್, ಬ್ಯಾಷ್. ಬೇರೇನೂ ಈಗ ಬೇಡ.

ಹೀಗೆ ಬಂದ ಗ್ನೂ ಟೂಲ್‌ಗಳಲ್ಲಿ ಬ್ಯಾಷ್ ಬಿಟ್ಟು ಉಳಿದವುಗಳ ಹೆಸರಿನ ಮುಂದೆ ಒಂದು ಜಿ ಇರುತ್ತದೆ. ಸೆಡ್ ಬದಲು ಜಿಸೆಡ್, ಡೇಟ್ ಬದಲು ಜಿಡೇಟ್. ಜಿ ಇಲ್ಲದೇ ಕರೆಯುವಂತೆ ಪಾತ್ ಬದಲಾಯಿಸಬಹುದು, ಬ್ರೂ ತಾನೇ ದಾರಿ ತೋರಿಸುತ್ತದೆ. ನಾನು ಬೇಡ ಅಂತೀನಿ. ಮ್ಯಾಕ್‌ಗೆ ಅಂತಲೇ ಬರೆದ ಬೇರೆ ಸ್ಕ್ರಿಪ್ಟ್‌ಗಳು ಆಗ ಕೈಕೊಡಬಹುದು.

ಈಗ ನಿಮ್ಮ ಮೂರು ತಪ್ಪುಗಳು. ಉಬುಂಟುವಿನಲ್ಲಿ ಸೆಡ್‌ಗೆ ‘-ಐ’ ಕೊಟ್ಟರೆ ಸಾಕು, ಫೈಲ್ ಅಲ್ಲೇ ಬದಲಾಗುತ್ತದೆ. ಮ್ಯಾಕ್‌ನ ಸೆಡ್ ಅದರ ಮುಂದೆ ಬ್ಯಾಕಪ್ ಫೈಲಿನ ಬಾಲ ಏನು ಅಂತ ಕೇಳುತ್ತದೆ. ನೀವು ಕೊಡದಿದ್ದರೆ ನಿಮ್ಮ ಬದಲಾವಣೆಯ ಸಾಲನ್ನೇ ಬಾಲ ಅಂದುಕೊಂಡು, ಫೈಲಿನ ಹೆಸರನ್ನು ಕಮಾಂಡ್ ಅಂತ ಓದುತ್ತದೆ. ಆ ವಿಚಿತ್ರ ತಪ್ಪು ಬರೋದು ಹಾಗೆ. ‘-ಐ’ಗೆ ಅಂಟಿಸಿ, ಜಾಗ ಬಿಡದೆ ‘.ಬಿಎಕೆ’ ಅಂತ ಬರೆಯಿರಿ. ಎರಡೂ ಕಡೆ ಓಡುತ್ತದೆ, ಅಪ್ಪನ ಲೆಕ್ಕದ ಹಳೇ ಪ್ರತಿಯೂ ಉಳಿಯುತ್ತದೆ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನಾನು ಬೇರೆ ಹೇಳದಿದ್ದರೆ ನೀವು ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಿರಿ.)

ಡಿಕ್ಲೇರ್ ಕೈಕೊಟ್ಟಿದ್ದು ಬ್ಯಾಷ್ ಹಳೆಯದಾಗಿದ್ದಕ್ಕೆ. ಮ್ಯಾಕ್ ಜೊತೆ ಬರೋದು ಇವತ್ತಿಗೂ 3.2. ಮುಂದಿನ ಆವೃತ್ತಿಗಳು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ ಮೂರನೇ ಆವೃತ್ತಿಗೆ ಹೋದ ಮೇಲೆ ಆಪಲ್ ಅವನ್ನು ಸೇರಿಸಲಿಲ್ಲ. 2019ರಲ್ಲಿ ಡೀಫಾಲ್ಟ್ ಶೆಲ್ಲನ್ನೇ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ, ಬ್ಯಾಷ್ ಕೂಡ ಅಂಥದ್ದೇ) ಝೆಡ್‌ಶೆಲ್ ಮಾಡಿತು. ಹೆಸರಿನಿಂದ ಹುಡುಕುವ ಅರ್ರೇ, ಅಂದರೆ ನಿಮ್ಮ ‘ಡಿಕ್ಲೇರ್ -ಎ’ (ಈ ಎ ಮಾತ್ರ ದೊಡ್ಡಕ್ಷರ), ಬಂದಿದ್ದು ಬ್ಯಾಷ್ 4ರಲ್ಲಿ. ಹೊಸ ಬ್ಯಾಷ್ ಹಾಕಿದರೂ ಸ್ಕ್ರಿಪ್ಟ್‌ನ ಮೊದಲ ಸಾಲು ‘/ಬಿನ್/ಬ್ಯಾಷ್’ ಅಂತಿದ್ದರೆ ಹಳೆಯದೇ ಎದ್ದು ಬರುತ್ತದೆ. ಅಲ್ಲಿ ‘/ಯುಎಸ್ಆರ್/ಬಿನ್/ಎನ್ವ್ ಬ್ಯಾಷ್’ ಅಂತ ಬದಲಿಸಿ.

ಡೇಟ್‌ಗೆ ಜಿಡೇಟ್ ಸಾಕು. ಆದರೆ ದಿನಾಂಕ 2024-04-12 ಅಂತ ಬರೆದಿದ್ದರೆ ತಿಂಗಳಿಗೆ ಮೊದಲ 7 ಅಕ್ಷರ ಕತ್ತರಿಸಿಕೊಂಡರೆ ಆಯ್ತು, ಅಲ್ವಾ? ಅಷ್ಟಕ್ಕೆ ಮ್ಯಾಕ್‌ನಲ್ಲೇ ಇರುವ ಆಕ್ ಎಂಬ ಟೂಲ್ ಒಂದೇ ಸಾಕು, ಮೊತ್ತವನ್ನೂ ಅದೇ ಕೂಡಿಸುತ್ತದೆ.

ಕೇಳದಿದ್ದರೂ ಒಂದು ಮಾತು. ಅಪ್ಪ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಬರೆದಿರುತ್ತಾರೆ. 100 ಸೆಂಟ್‌ಗೆ ಒಂದು ಇಂಚು. ಒಂದು ಇಂಚು ಐದು ಸೆಂಟ್ ಅಂದರೆ 1.05. ಅವಸರದಲ್ಲಿ 1.5 ಅಂತ ಹೊಡೆದರೆ ಅದು ಒಂದೂವರೆ ಇಂಚಾಗುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕದಲ್ಲಿ ಇದು ಸಣ್ಣ ತಪ್ಪಲ್ಲ. ಯಾವ ಟೂಲೂ ಇದನ್ನು ಹಿಡಿಯೋದಿಲ್ಲ, ಡೈರಿ ಜೊತೆ ನೀವೇ ತಾಳೆ ನೋಡಬೇಕು.

ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಬ್ರೂ ಓಡಿಸಬೇಡಿ, ಅದು ಒಪ್ಪೋದೂ ಇಲ್ಲ. ‘/ಯುಎಸ್ಆರ್/ಬಿನ್’ ಒಳಗೂ ಕೈ ಹಾಕಬೇಡಿ. 2015ರಿಂದ ಅದಕ್ಕೆ ಸಿಸ್ಟಂ ಬೀಗ ಇದೆ, ಪೂರ್ಣಾಧಿಕಾರದ ಬಳಕೆದಾರ ರೂಟ್ ಆದರೂ ತೆರೆಯೋದಿಲ್ಲ.

ಪ್ರಶ್ನೆ: ಹಾಸನದಲ್ಲಿ ಶಿಕ್ಷಕ. ಮಕ್ಕಳ ಕನ್ನಡ ಪ್ರಬಂಧವನ್ನು ಮ್ಯಾಕ್‌ನಲ್ಲಿ ‘ಡಬ್ಲ್ಯುಸಿ -ಸಿ’ ಕಮಾಂಡ್ ಹಾಕಿ ಅಕ್ಷರ ಎಣಿಸಿದರೆ ಲೆಕ್ಕ ವಿಪರೀತ ಜಾಸ್ತಿ ಬರುತ್ತದೆ. ಯಾಕೆ?

ಉತ್ತರ: ‘-ಸಿ’ ಎಣಿಸೋದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘-ಎಂ’ ಹಾಕಿದರೆ ಚಿಹ್ನೆಗಳ ಲೆಕ್ಕ ಸಿಗುತ್ತದೆ, ಆದರೆ ಒತ್ತು, ಕಾಗುಣಿತದ ಗುರುತುಗಳೂ ಬೇರೆ ಬೇರೆಯಾಗಿ ಸೇರುತ್ತವೆ. ‘ಅಕ್ಷರ’ ಅನ್ನೋದು ನಮಗೆ 3, ‘-ಎಂ’ಗೆ 5, ‘-ಸಿ’ಗೆ 15. ಪ್ರಬಂಧಕ್ಕೆ ಪದಗಳ ಮಿತಿ ಇಟ್ಟು ‘-ಡಬ್ಲ್ಯು’ ಬಳಸಿ. ಅದು ನಡುವಿನ ಜಾಗ ನೋಡಿ ಎಣಿಸುವುದರಿಂದ ಕನ್ನಡಕ್ಕೂ ಸರಿಹೋಗುತ್ತದೆ.