ಮನುಷ್ಯ ಬೇರೆಯೇ ಜೀವಿಯೇ?

ಪ್ರಶ್ನೆ: ತೋಟಕ್ಕೆ ಬರುವ ಮಂಗಗಳ ಜಾಣತನ ನೋಡಿದರೆ, ಮನುಷ್ಯನೇ ವಿಶೇಷ ಜೀವಿ ಎಂಬ ಮಾತಿನಲ್ಲಿ ಸಂಶಯ ಮೂಡುತ್ತದೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಮ್ಮ ಸಂಶಯ ಸರಿಯಾದದ್ದೇ. ಇಂದಿನ ತಾಂಜಾನಿಯಾದ ಗೊಂಬೆ ಎಂಬ ಹೆಸರಿನ ಕಾಡಿನಲ್ಲಿ 1960ರಲ್ಲಿ ಚಿಂಪಾಂಜಿಯೊಂದು ಹುತ್ತದ ತೂತಿಗೆ ಹುಲ್ಲುಕಡ್ಡಿ ತೂರಿಸಿ, ಅದಕ್ಕೆ ಕಚ್ಚಿಕೊಂಡ ಗೆದ್ದಲನ್ನು ತಿನ್ನುವುದನ್ನು ಚಿಂಪಾಂಜಿ ಸಂಶೋಧಕಿ ಜೇನ್ ಗುಡಾಲ್ ಅವರು ಕಂಡ ಮೇಲೆ, ಉಪಕರಣ ಬಳಸುವುದು ಮನುಷ್ಯನೊಬ್ಬನ ಸ್ವತ್ತೆಂದು ಹೇಳಲಾಗದು. ಅಷ್ಟು ದೂರವೇಕೆ, ನಮ್ಮ ಆಗುಂಬೆಯ ಹೆಣ್ಣು ಕಾಳಿಂಗ ಸರ್ಪವೇ ಮೈಸುರುಳಿಯಿಂದ ತರಗೆಲೆಗಳನ್ನು ಎಳೆದು ರಾಶಿ ಹಾಕಿ, ಒಳಗೆ ಮೊಟ್ಟೆಯಿಟ್ಟು, ಮಳೆಯಲ್ಲೂ ಕಾವಲು ಕೂರುತ್ತದೆ.

ಆದರೂ ಒಂದು ವಿಷಯದಲ್ಲಿ ನಾವು ನಿಜಕ್ಕೂ ಬೇರೆ ಎಂದೇ ನನ್ನ ನಂಬಿಕೆ. ಮುಂಗಾರಿಗೆ ಮೊದಲು ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ: ಮೈಲುತುತ್ತ, ಸುಣ್ಣಗಳ ಈ ಮಿಶ್ರಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ರೂಪುಗೊಂಡಿತು. ಎಂದೂ ಭೇಟಿಯಾಗದವರ ಅನುಭವವನ್ನು ಮಾತು, ಬರಹಗಳ ಮೂಲಕ ಪಡೆದು, ಅದಕ್ಕೆ ತಮ್ಮದನ್ನೂ ಸೇರಿಸಿ ಮುಂದಿನವರಿಗೆ ದಾಟಿಸುವುದು ಈ ಪ್ರಮಾಣದಲ್ಲಿ ಬೇರಾವ ಜೀವಿಯಲ್ಲೂ ಕಾಣದು. ಇದನ್ನು ವಿಶೇಷವೆನ್ನಲು ನನಗೆ ಹಿಂಜರಿಕೆಯಿಲ್ಲ. ಕಾಳಿಂಗದ ಗೂಡಿಗಿಂತ ಮೇಲೆನ್ನಲು ಮಾತ್ರ ಮನಸ್ಸೊಪ್ಪುವುದಿಲ್ಲ.