ಫೇಲಾದ ಡಾಕ್ಟರಿಗೆ ಪಾಠ ಹೇಳಿದವರು ಯಾರು?

ಪತ್ರ: ಕಾಸರಗೋಡು ಜಿಲ್ಲೆಯ ಕುಂಬಳೆಯ ನಿವೃತ್ತ ಗಣಿತ ಅಧ್ಯಾಪಕರೊಬ್ಬರು ಬರೆದಿದ್ದಾರೆ: “ಪಿಜಿ (ಸ್ನಾತಕೋತ್ತರ) ಪರೀಕ್ಷೆಯಲ್ಲಿ ಫೇಲಾಗುವ ಡಾಕ್ಟರುಗಳಿಗೆ ಆಸ್ಪತ್ರೆಯೇ ಪಾಠ ಹೇಳಬೇಕು, ಡ್ಯೂಟಿ ಕಮ್ಮಿ ಮಾಡಬೇಕು ಅಂತ ಕಳೆದ ಸಂಚಿಕೆಯಲ್ಲಿ ಲೇಖನ ಹಾಕಿದ್ದೀರಿ. ಎಂಬಿಬಿಎಸ್ ಮುಗಿಸಿದವರು ಸಣ್ಣ ಮಕ್ಕಳೇ? ಓದಿದವ ಪಾಸಾಗುತ್ತಾನೆ, ಓದದವ ಫೇಲಾಗುತ್ತಾನೆ. ಮೂರನೇ ಸಲಕ್ಕೆ ಪಾಸಾದವನ ಕೈಗೆ ನನ್ನ ಹೃದಯ ಕೊಡಲು ನಾನು ತಯಾರಿಲ್ಲ.”

ಉತ್ತರ: ಮಾಸ್ಟ್ರೇ, ನಮಸ್ಕಾರ. ಪತ್ರ ಖಾರವಾಗಿದೆ. ಅಕ್ಷರ ಮಾತ್ರ ಎಂದಿನ ಹಾಗೆ ಮುದ್ದಾಗಿದೆ.

ನಿಮ್ಮ ಹೆದರಿಕೆ ಸುಳ್ಳಲ್ಲ. 2023ರಲ್ಲಿ ಪಿಜಿ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಕಟ್‌ಆಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರಾದರು. ಅದನ್ನು ಓದಿದ ದಿನ ನನಗೂ ಕಾಫಿ ರುಚಿಸಲಿಲ್ಲ. ಪರೀಕ್ಷೆ ಬೇಕು, ಬಿಗಿಯಾಗಿಯೇ ಇರಬೇಕು. ಪಾಸ್ ಮಾರ್ಕು ಇಳಿಸಿ ಅಂತ ನಮ್ಮ ಲೇಖನದಲ್ಲಿ ಎಲ್ಲೂ ಇರಲಿಲ್ಲ. ಇಷ್ಟರ ಮಟ್ಟಿಗೆ ನಮ್ಮಿಬ್ಬರಿಗೂ ಜಗಳ ಇಲ್ಲ.

ಜಗಳ ಇರುವುದು ‘ಓದಿದವ ಪಾಸಾಗುತ್ತಾನೆ’ ಎಂಬ ಮಾತಿನ ಮೇಲೆ. ನೀವು ಗಣಿತದವರು, ಸ್ವಲ್ಪ ಲೆಕ್ಕ ಹಾಕೋಣ. ಪಿಜಿ ಸೀಟಿಗೆ ಬರೆಯುವ ನೀಟ್‌ನಲ್ಲಿ ಮೂರೂವರೆ ಗಂಟೆಗೆ 200 ಪ್ರಶ್ನೆ. ಒಂದಕ್ಕೆ ಒಂದು ನಿಮಿಷ, ಮೇಲೆ ಮೂರು ಸೆಕೆಂಡು. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಿದರೆ ಆಯಿತು. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಳೆಯುತ್ತಾರೆ. ಇದಕ್ಕಾಗಿ ಹುಡುಗರು ವರ್ಷಗಟ್ಟಲೆ ಮೊಬೈಲಿನಲ್ಲಿ ಪ್ರಶ್ನೆ ಬಿಡಿಸಿ ಬಿಡಿಸಿ ತಯಾರಾಗುತ್ತಾರೆ. ಕೊನೆಗೆ ಸೀಟು ಸಿಗುತ್ತದೆ.

ಮೂರು ವರ್ಷ ಕಳೆದು ಬರುವ ಪರೀಕ್ಷೆಯ ಜಾತಿಯೇ ಬೇರೆ. ಡಿಎನ್‌ಬಿ ಎಂಬ ಪಿಜಿ ಪದವಿಯ ಥಿಯರಿಯಲ್ಲಿ ಒಂದು ಪೇಪರಿಗೆ ಮೂರು ಗಂಟೆ, ನೂರು ಅಂಕ, ಹತ್ತು ಪ್ರಶ್ನೆ. ಒಂದಕ್ಕೆ ಹದಿನೆಂಟು ನಿಮಿಷ. ಅಷ್ಟರಲ್ಲಿ ಪೆನ್ನು ಹಿಡಿದು ವಿಷಯವನ್ನು ಕ್ರಮವಾಗಿ ಬರೆಯಬೇಕು, ಚಿತ್ರ ಬಿಡಿಸಬೇಕು. ಎಂಡಿ, ಎಂಎಸ್‌ನವರು ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆ ಬೇರೆಯಾಗಿ ಶೇಕಡಾ 50 ತೆಗೆಯಬೇಕು. ಪ್ರಾಕ್ಟಿಕಲ್ ಅಂದರೆ ರೋಗಿಯ ಪಕ್ಕ ನಿಂತು ಕೇಸ್ ಹೇಳುವುದು, ಬೇರೆ ಊರಿಂದ ಬಂದ ಎಕ್ಸಾಮಿನರ್ ಕೇಳಿದ್ದಕ್ಕೆ ತಡವರಿಸದೆ ಉತ್ತರಿಸುವುದು. ಚೆಂಡೆ ಬಾರಿಸಲು ಕಲಿತವನನ್ನು ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂರಿಸಿದ ಹಾಗೆ ಇದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಇನ್ನೂ ಬಿಡಿಸಿ ಹೇಳಬೇಕೇ?

ಬರೆಯುವುದನ್ನು ನಡುವಿನ ಮೂರು ವರ್ಷದಲ್ಲಿ ಯಾರು ಕಲಿಸುತ್ತಾರೆ? ಬಹಳ ಕಡೆ ಯಾರೂ ಇಲ್ಲ. ಪಿಜಿ ಅಂದರೆ ಕಲಿಯುವವರು ಅಂತ ಕಾಗದದಲ್ಲಿ ಇದೆ. ವಾರ್ಡಿನಲ್ಲಿ ಅವರು ಡಿಸ್ಚಾರ್ಜ್ ಸಮ್ಮರಿ ಬರೆಯುವವರು, ರಕ್ತದ ರಿಪೋರ್ಟಿಗೆ ಓಡುವವರು, ರಾತ್ರಿಯಿಡೀ ಕ್ಯಾಶುವಾಲ್ಟಿಯಲ್ಲಿ ನಿಲ್ಲುವವರು. ವಾರಕ್ಕೆ 48 ಗಂಟೆ ಮಾತ್ರ ದುಡಿಸಬೇಕು ಅಂತ ಕೇಂದ್ರ ಸರಕಾರ 1992ರಲ್ಲೇ ಹೇಳಿತ್ತು. ವೈದ್ಯ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ನೋಡಲು ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. 74 ಗಂಟೆ ಮೀರಬೇಡಿ, ವಾರಕ್ಕೊಂದು ರಜೆ ಕೊಡಿ ಅಂತ ಅದರಲ್ಲಿ ಕೇಳಿಕೊಂಡಿದ್ದಾರೆ. 48 ಕೇಳುತ್ತಿದ್ದವರು 74ಕ್ಕೆ ಬಂದು ಅಂಗಲಾಚಬೇಕಾದರೆ ಒಳಗೆ ನಡೆಯುತ್ತಿರುವುದು ಎಷ್ಟಿರಬಹುದು? ಅದೇ ಕಾರ್ಯಪಡೆಯ ಸರ್ವೆಯಲ್ಲಿ, ಸಾಯುವ ಯೋಚನೆ ಬಂದಿತ್ತು ಅಂದ ಪಿಜಿಗಳು ಸುಮಾರು ಶೇಕಡಾ 31.

ನಮ್ಮ ಬದಿಯಡ್ಕ ಕಡೆಯ ಒಂದು ಹುಡುಗಿಯ ಕತೆ ಕೇಳಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಗಡಿಯಾಚೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಜನರಲ್ ಮೆಡಿಸಿನ್ ಪಿಜಿ ಮಾಡಿದಳು. ಡ್ಯೂಟಿಯಲ್ಲಿ ಆಕೆಯನ್ನು ಹೊಗಳದವರಿಲ್ಲ. ಪರೀಕ್ಷೆಯಲ್ಲಿ ಫೇಲಾದಳು. ಆವತ್ತಿಗೇ ಹೊಗಳಿಕೆ ನಿಂತಿತು. ಮೂರು ವರ್ಷ ಮುಗಿದದ್ದರಿಂದ ಸ್ಟೈಪೆಂಡೂ ನಿಂತಿತು. ಮಂಗಳೂರಿನಲ್ಲಿ ಒಂದು ರೂಮು ಹಿಡಿದು, ರಾತ್ರಿ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರ್ ಕೆಲಸ, ಹಗಲು ಓದು. ಪ್ರಾಕ್ಟಿಕಲ್‌ಗೆ ಕೇಸ್ ನೋಡಬೇಕೆಂದರೆ ತನ್ನದೇ ಹಳೆಯ ವಾರ್ಡಿಗೆ ಹೋಗಿ ಹಿಂಜರಿಯುತ್ತಾ ನಿಲ್ಲಬೇಕು. ರೋಗಿಗಳನ್ನು ನೋಡಿಕೊಳ್ಳಲು ಮೂರು ವರ್ಷ ಸಾಕಾಗಿದ್ದವಳು ಒಂದೇ ದಿನಕ್ಕೆ ಯಾರಿಗೂ ಬೇಡವಾದದ್ದು ಹೇಗೆ, ಹೇಳಿ.

ಕೊನೆಗೆ ಕೈಹಿಡಿದದ್ದು ಒಬ್ಬ ಸೀನಿಯರ್. ಭಾನುವಾರ ಕೂರಿಸಿಕೊಂಡು, ಗಡಿಯಾರ ಇಟ್ಟು, ಹದಿನೆಂಟು ನಿಮಿಷಕ್ಕೆ ಒಂದು ಉತ್ತರ ಬರೆಸಿದರು. ಕೆಂಪು ಪೆನ್ನಲ್ಲಿ ಗೀಚಿ ವಾಪಸ್ ಕೊಟ್ಟರು. ಮುಂದಿನ ಸಲ ಪಾಸಾದಳು. “ಮಾವ, ನನಗೆ ಗೊತ್ತಿಲ್ಲ ಅಂತ ಅಲ್ಲ, ಗೊತ್ತಿದ್ದದ್ದನ್ನು ಹೇಗೆ ಬರೆಯಬೇಕು ಅಂತ ಯಾರೂ ತೋರಿಸಿರಲಿಲ್ಲ,” ಅಂದಳು. ಪಕ್ಕದ ಮನೆಯ ಮಗು, ಹಾಗಾಗಿ ನನ್ನದು ಪಕ್ಷಪಾತ ಅನ್ನಿ, ಬೇಜಾರಿಲ್ಲ.

ಆ ಸೀನಿಯರ್ ಮಾಡಿದ್ದು ಬರೀ ಕರುಣೆ ಅಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದೇ ಪಾಠವನ್ನು ಕೆಲವರು ಮತ್ತೆ ಓದಿದರು, ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ಬರೆದವರು ಮುಂದೆ. ಫೇಲಾದವನಿಗೆ ನಾವು ಕೊಡುವ ಒಂದೇ ಬುದ್ಧಿಮಾತು ‘ಇನ್ನೂ ಜಾಸ್ತಿ ಓದು’. ಪಾಪ, ಅವನು ಅದನ್ನೇ ಮಾಡುತ್ತಾನೆ. ಗೆರೆ ಎಳೆದ ಪುಟಕ್ಕೇ ಮತ್ತೊಂದು ಬಣ್ಣದ ಗೆರೆ.

ಬ್ರಿಟನ್ನಿನಲ್ಲಿ ಇದು ಕೋರ್ಟಿಗೂ ಹೋಯಿತು. ಅಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯ, ಆಗಲು ನಟರನ್ನು ರೋಗಿಗಳಾಗಿ ಕೂರಿಸಿ ಮಾಡುವ ಒಂದು ಪರೀಕ್ಷೆ ಇತ್ತು. ಹೊರದೇಶದಲ್ಲಿ ಕಲಿತು ಬಂದವರು ಅದರಲ್ಲಿ ತುಂಬಾ ಜಾಸ್ತಿ ಫೇಲಾಗುತ್ತಿದ್ದರು. ಭಾರತ ಮೂಲದ ವೈದ್ಯರ ಸಂಘ ಕೇಸು ಹಾಕಿತು. 2014ರಲ್ಲಿ ತೀರ್ಪು ಬಂತು: ಪರೀಕ್ಷೆ ಕಾನೂನಿಗೆ ಸರಿಯಾಗಿದೆ, ಆದರೆ ಈ ಅಂತರದ ಬಗ್ಗೆ ಪರೀಕ್ಷೆ ನಡೆಸುವ ಜಿಪಿಗಳ ರಾಯಲ್ ಕಾಲೇಜು ಏನಾದರೂ ಮಾಡಲೇಬೇಕು. ಪರೀಕ್ಷೆಯೂ ಉಳಿಯಿತು, ಜವಾಬ್ದಾರಿಯೂ ಹೆಗಲಿಗೆ ಬಿತ್ತು. ಅಲ್ಲಿ ಟ್ರೈನಿಗಳು ಫೇಲಾದರೆ ನೋಡಿಕೊಳ್ಳಲು ಬೇರೆ ವಿಭಾಗಗಳೇ ಇವೆ. ಓದುವ ರೀತಿ ತಪ್ಪೇ, ಕಾಯಿಲೆಯೇ, ಮನೆಯ ಕಷ್ಟವೇ ಅಂತ ಕೂತು ಕೇಳುತ್ತಾರೆ. ಡಿಸ್ಲೆಕ್ಸಿಯಾ ಇದೆಯೇ ಅಂತಲೂ ನೋಡುತ್ತಾರೆ. ಇಲ್ಲಿ ಡಾಕ್ಟರಿಗೆ ಡಿಸ್ಲೆಕ್ಸಿಯಾ ಅಂದರೆ ನಗುತ್ತಾರೆ.

ಇನ್ನು ನಿಮ್ಮ ಹೃದಯದ ವಿಷಯ. ಮೂರನೇ ಸಲ ಬರೆದವನಿಗೆ ಪಾಸ್ ಮಾರ್ಕು ಇಳಿಸುವುದಿಲ್ಲ ಮಾರಾಯ್ರೇ, ಅವನು ದಾಟುವುದೂ ಅದೇ ಗೆರೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ ಕೂಡ ವೈದ್ಯಕೀಯ ಲೈಸೆನ್ಸಿನ ಒಂದು ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದವರೇ. ಹಡಗಿನಲ್ಲಿ ಡಾಕ್ಟರಾಗಿ ಕೆಲಸ ಮಾಡುತ್ತಾ ಓದಿ, 1881ರಲ್ಲಿ ಪಾಸು ಮಾಡಿಕೊಂಡರು. ನಮ್ಮ ಎಣ್ಮಕಜೆಗೇ ಬನ್ನಿ. ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಡಾ. ವೈ. ಎಸ್. ಮೋಹನ ಕುಮಾರ್ ಹಳ್ಳಿಯ ಕ್ಲಿನಿಕ್ಕಿನಲ್ಲಿ ಕೂತು ಕೇಳದೇ ಇದ್ದರೆ, ಗೇರು ತೋಟಕ್ಕೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದ ವಿಷಯ ಇನ್ನೆಷ್ಟು ಕಾಲ ಮುಚ್ಚಿರುತ್ತಿತ್ತೋ. ಆ ಪ್ರಶ್ನೆಗೆ ಮಾರ್ಕು ಕೊಡುವ ಪೇಪರು ಯಾವುದಿದೆ?

ಎಲ್ಲದಕ್ಕಿಂತ ಹೆಚ್ಚಾಗಿ, ಈ ಜಿಲ್ಲೆಯಲ್ಲಿ ಕೂತು ಸ್ಪೆಷಲಿಸ್ಟುಗಳ ಬಗ್ಗೆ ಇಷ್ಟು ಬಿಗುಮಾನ ನಮಗೆ ಸಲ್ಲುವುದಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಎಂಬಿಬಿಎಸ್‌ನ ಮೊದಲ 50 ಸೀಟು ಸಿಕ್ಕಿದ್ದು 2025ರಲ್ಲಿ. 2020ರಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿಗೆ ಹೋಗಲಾಗದೆ ನಮ್ಮ ಜನ ಸತ್ತರು. ತಿರುವನಂತಪುರಕ್ಕೆ ನಾವು ರಾಜ್ಯದ ತುದಿ, ಬೆಂಗಳೂರಿಗೆ ಹೊರಗಿನವರು. ಈ ನೆಲದ ಭಾಷೆ ಮಾತಾಡುವ ಒಬ್ಬ ಹುಡುಗಿ ತಜ್ಞೆಯಾಗಿ ವಾಪಸ್ ಬರುವ ದಾರಿಯಲ್ಲಿ ಎಡವಿದರೆ, ‘ಓದಲಿಲ್ಲ, ಬಿದ್ದಳು’ ಅಂತ ಸುಮ್ನೆ ಕೂರುವಷ್ಟು ಡಾಕ್ಟರುಗಳು ನಮ್ಮಲ್ಲಿ ಎಲ್ಲಿದ್ದಾರೆ?

ಒಂದು ಮಾತು ಕೇಳಿಯೇ ಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಫೇಲಾದವರನ್ನು ಬೇಸಿಗೆ ರಜೆಯಲ್ಲಿ ನಿಮ್ಮ ಮನೆ ಜಗಲಿಯಲ್ಲಿ ಕೂರಿಸಿ, ಪೈಸೆ ತೆಗೆದುಕೊಳ್ಳದೆ ಪಾಠ ಹೇಳುತ್ತಿದ್ದಿರಂತೆ. ನಿಮ್ಮ ಶಿಷ್ಯರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಅವರನ್ನು ಯಾಕೆ ಹಾಗೇ ಬಿಡಲಿಲ್ಲ ನೀವು?

ಬದಿಯಡ್ಕದ ಹುಡುಗಿ ತನ್ನ ಅನುಭವವನ್ನು ಬರೆದು ಕೊಡಲು ಒಪ್ಪಿದ್ದಾಳೆ. ಮುಂದಿನ ತಿಂಗಳು ಹಾಕುತ್ತೇವೆ. ಓದಿ, ಸರಿ ಕಾಣದಿದ್ದರೆ ಮತ್ತೆ ಬರೆಯಿರಿ, ಅದನ್ನೂ ಹಾಕುತ್ತೇವೆ. ಪತ್ರದ ಕೊನೆಯಲ್ಲಿ ಅಡಕೆಯ ಎಲೆಚುಕ್ಕಿ ರೋಗದ ಬಗ್ಗೆ ಕೇಳಿದ್ದೀರಿ. ಅದಕ್ಕೆ ಉತ್ತರ ಕೃಷಿ ಅಂಕಣದಲ್ಲಿ ಬರುತ್ತದೆ.

– ಸಂಪಾದಕ