ರೈತ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ, ಇದಕ್ಕೆ ಸ್ತ್ರೀವಾದ ಏನು ಹೇಳುತ್ತೆ?

ನೀವು ಕೇಳಿರುವುದು ಇಷ್ಟು: ಓದಿದ ಹುಡುಗಿಯರೆಲ್ಲ ರೈತರ ಮಕ್ಕಳನ್ನು ಬೇಡ ಅನ್ನುತ್ತಿದ್ದಾರೆ. ಮೂವತ್ತೈದು ದಾಟಿದ ಗಂಡಸಿಗೂ ದೇಹ ಇದೆ, ಆಸೆ ಇದೆ. ಹೆಣ್ಣಿನ ಆಯ್ಕೆ, ಹೆಣ್ಣಿನ ಇಷ್ಟ ಅಂತ ಮಾತಾಡುವ ಸ್ತ್ರೀವಾದಿಗಳು ಇವನಿಗೆ ಏನು ಹೇಳುತ್ತಾರೆ?

ಚುಚ್ಚುವುದಕ್ಕೆ ಕೇಳಿದಿರೋ, ನಿಜವಾಗಿ ಕೇಳಿದಿರೋ ಗೊತ್ತಿಲ್ಲ. ನಿಜ ಅಂತಲೇ ತಿಳಿದು ಬರೆಯುತ್ತೇನೆ. ಯಾಕೆಂದರೆ ನೀವು ಹೇಳುವ ಆ ಗಂಡಸು ನನ್ನ ತಮ್ಮ. ಚಿಂತಾಮಣಿ ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಇದೆ. ಎರಡು ಬೋರು, ಒಂದರಲ್ಲಿ ಮಾತ್ರ ನೀರು. ಹಿಪ್ಪುನೇರಳೆ, ಸ್ವಲ್ಪ ಟೊಮೆಟೊ, ನಾಲ್ಕು ಸೀಮೆ ಹಸು. ವಯಸ್ಸು 36. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಎಂಟು ವರ್ಷದಲ್ಲಿ ಎಷ್ಟು ಹೆಣ್ಣು ನೋಡಿದೆವೋ, ಲೆಕ್ಕ ಬಿಟ್ಟಿದ್ದೇವೆ.

ಮೊದಲು ಒಂದು ಮಾತು ತೆಗೆದುಹಾಕೋಣ: 'ಹೆಣ್ಣೇ ಇಲ್ಲ'. 2001ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 946 ಹೆಣ್ಣುಮಕ್ಕಳಿದ್ದರು. ಹುಟ್ಟುವಾಗಲೇ ಗಂಡು ಸ್ವಲ್ಪ ಜಾಸ್ತಿ, 950ರ ಆಸುಪಾಸು ಅನ್ನುವುದು ಎಲ್ಲ ಕಡೆಯೂ ಸಾಮಾನ್ಯ. ಹೊಟ್ಟೆಯಲ್ಲೇ ಹೆಣ್ಣು ತೆಗೆಸುವ ಪಾಪ ನಮ್ಮಲ್ಲಿ ನಡೆದಿಲ್ಲ ಅಂತ ನಾನು ಹೇಳುತ್ತಿಲ್ಲ. ನಡೆದಿದೆ. ಆದರೆ ಊರಿಗೆ ಹತ್ತು ಹದಿನೈದು ಜನ ಮದುವೆಯಾಗದೆ ಉಳಿದಿರುವುದಕ್ಕೆ ಅದೊಂದೇ ಕಾರಣ ಆಗೋದಿಲ್ಲ. ಹುಡುಗಿಯರು ಇದ್ದಾರೆ. ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದಾರೆ, ನರ್ಸಿಂಗ್ ಓದುತ್ತಿದ್ದಾರೆ. ಒಲ್ಲೆ ಅಂದಿದ್ದಾರೆ, ಅಷ್ಟೇ.

ಈಗ ನಿಮ್ಮ ಪ್ರಶ್ನೆ. ನಾನು ಕೋಲಾರದಲ್ಲಿ ಹೈಸ್ಕೂಲ್ ಮೇಡಂ. ರಾಜ್ಯಶಾಸ್ತ್ರ ಓದಿದ್ದೇನೆ, ಹಾಗಾಗಿ ಈ ವಾದಗಳ ಪರಿಚಯ ಸ್ವಲ್ಪ ಇದೆ. 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಹುಡುಗ, ಹೆಣ್ಣುಗಳು ತನ್ನನ್ನು ಒಲ್ಲೆ ಅಂದರು ಅನ್ನುವ ಸಿಟ್ಟಿಗೆ ಆರು ಜನರನ್ನು ಕೊಂದು ತಾನೂ ಸತ್ತ. ನಾಲ್ಕು ವರ್ಷದ ಮೇಲೆ ಅಮಿಯಾ ಶ್ರೀನಿವಾಸನ್ ಆ ಘಟನೆಯಿಂದಲೇ ಶುರುಮಾಡಿ ಒಂದು ಲೇಖನ ಬರೆದರು: ಸೆಕ್ಸ್ ಅನ್ನುವುದು ಯಾರಿಗಾದರೂ ಹಕ್ಕೇ? ಇವರ ಅಪ್ಪ ಅಮ್ಮ ಭಾರತದವರು, ಇವರು ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್. 2021ರಲ್ಲಿ ಅದು 'ದಿ ರೈಟ್ ಟು ಸೆಕ್ಸ್' ಪುಸ್ತಕವೂ ಆಯಿತು. ಅವರ ಉತ್ತರದ ಮೊದಲರ್ಧ ಸುಲಭ. ಇಲ್ಲ, ಯಾರಿಗೂ ಆ ಹಕ್ಕಿಲ್ಲ. ಅನ್ನ ಹಂಚಿದ ಹಾಗೆ ಇದನ್ನು ಹಂಚೋಕಾಗಲ್ಲ. ಹಂಚಬೇಕು ಅಂದರೆ ಇನ್ನೊಬ್ಬರ ಮೈ ಹಂಚಬೇಕಾಗುತ್ತದೆ.

ಉಳಿದರ್ಧ ಕಷ್ಟದ್ದು. ಯಾರು ಯಾರಿಗೆ ಇಷ್ಟವಾಗುತ್ತಾರೆ ಅನ್ನುವುದು ಬರೀ ಅವರವರ ಮನಸ್ಸಿನ ವಿಷಯವೇ? 1980ರ ದಶಕದಲ್ಲೇ ಅಮೆರಿಕದ ಸ್ತ್ರೀವಾದಿಗಳು ಇದರ ಬಗ್ಗೆ ಜಗಳವಾಡಿದ್ದಾರೆ. ಹಾಸಿಗೆಯ ಒಳಗೂ ಅಧಿಕಾರವೇ ಕೆಲಸ ಮಾಡುತ್ತೆ ಅಂದರು ಕ್ಯಾಥರಿನ್ ಮೆಕಿನನ್. ಹೆಣ್ಣಿನ ಆಸೆಗೂ ಪಾಠ ಹೇಳೋಕೆ ಹೋಗಬೇಡಿ ಅಂದರು ಎಲೆನ್ ವಿಲ್ಲಿಸ್. ಇಬ್ಬರೂ ಒಪ್ಪಿದರೆ ಸಾಕು ಅಂತ ಮುಂದೆ ಬಹಳ ಜನ ಮಾತು ಮುಗಿಸಿಬಿಟ್ಟರು. ಶ್ರೀನಿವಾಸನ್ ಆ ಮುಗಿಸಿದ ಮಾತನ್ನು ಮತ್ತೆ ಎತ್ತಿದರು. ಬಣ್ಣ, ಜನಾಂಗ, ದುಡ್ಡು ನಮ್ಮ ಆಸೆಯನ್ನು ತಿದ್ದಿ ರೂಪಿಸಿರುತ್ತವೆ, ಅದನ್ನು ಪ್ರಶ್ನಿಸಬಹುದು. ಆದರೆ ಪ್ರಶ್ನಿಸುತ್ತಾ ಪ್ರಶ್ನಿಸುತ್ತಾ 'ಹಾಗಾದರೆ ನನಗೆ ಕೊಡಬೇಕು' ಅನ್ನುವಲ್ಲಿಗೆ ಜಾರಬಾರದು.

ನಮ್ಮ ಕಡೆ ಜಾರಿಯೇಬಿಟ್ಟಿದ್ದೇವೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದಕ್ಕೆ ನಾನು ನಗಲಿಲ್ಲ. ದೇವರನ್ನು ಏನು ಬೇಕಾದರೂ ಕೇಳಬಹುದು. ಆದರೆ ಏಪ್ರಿಲ್‌ನಲ್ಲಿ ಇದೇ ಕೋಲಾರದ ಚುನಾವಣಾ ಸಭೆಯಲ್ಲಿ ಎಚ್.ಡಿ. ಕುಮಾರಸ್ವಾಮಿಯವರು, ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ರೂಪಾಯಿ ಕೊಡುವ ಮಾತಾಡಿದರು. ಟೊಮೆಟೊಗೆ ಬೆಂಬಲ ಬೆಲೆ ಕೇಳಿದ್ದ ಜಿಲ್ಲೆಗೆ ಸೊಸೆಗೆ ಸಬ್ಸಿಡಿ!

ಇನ್ನು ನಮ್ಮ ಮನೆಯ ಕಥೆ. ನಮ್ಮ ಸೀಮೆಯಲ್ಲಿ ಅಕ್ಕನ ಮಗಳು ತಮ್ಮನಿಗೆ ವರಸೆ. ನಿಮಗೆ ಗೊತ್ತೇ ಇರುತ್ತೆ. ಹಿಂದೂ ವಿವಾಹ ಕಾಯ್ದೆ ಸೋದರಮಾವನ ಮದುವೆಯನ್ನು ಬೇಡ ಅನ್ನುತ್ತೆ, ಪದ್ಧತಿ ಇದ್ದರೆ ಸರಿ ಅಂತಲೂ ಅನ್ನುತ್ತೆ. ನಮ್ಮಲ್ಲಿ ಪದ್ಧತಿ ಧಾರಾಳವಾಗಿದೆ. ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅಮ್ಮ ಹೋಳಿಗೆ ತಟ್ಟುತ್ತಾ ಸುಮ್ನೆ ಅಂದಹಾಗೆ ಅಂದರು: "ಹೊರಗೆ ಯಾಕೆ ಹುಡುಕಬೇಕು? ನಿನ್ನ ಮಗಳಿಲ್ವಾ? ಅವನ ಹಕ್ಕು ಅದು."

ನನ್ನ ಮಗಳಿಗೆ 19. ಬಿ.ಕಾಂ. ಎರಡನೇ ವರ್ಷ. ಪಕ್ಕದ ರೂಮಿನಲ್ಲಿ ಫೋನ್ ನೋಡುತ್ತಾ ಕೂತಿದ್ದಳು.

ಹಕ್ಕು ಅನ್ನುವ ಆ ಪದ ನನಗೆ ಪುಸ್ತಕದಲ್ಲಿ ಓದಿದಾಗ ಹೀಗೆ ಕೇಳಿಸಿರಲಿಲ್ಲ. ಆಮೇಲೆ ಯೋಚಿಸಿದರೆ, ಕಾನೂನೇ ಗಂಡನಿಗೆ ಅಂಥದ್ದೊಂದು ಹಕ್ಕನ್ನು ಸದ್ದಿಲ್ಲದೆ ಕೊಟ್ಟಿದೆ, ಅಲ್ವಾ? ಮನೆ ಬಿಟ್ಟ ಹೆಂಡತಿ ಮತ್ತೆ ಬಂದು ಸಂಸಾರ ಮಾಡಲಿ ಅಂತ ಅದೇ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 9ರಲ್ಲಿ ಕೋರ್ಟಿಗೆ ಹೋಗಬಹುದು. ಹೆಂಡತಿಯೂ ಹೋಗಬಹುದು, ಆದರೆ ಮೈಮೇಲೆ ಬೀಳುವುದು ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. 1983ರಲ್ಲಿ ಆಂಧ್ರ ಹೈಕೋರ್ಟ್, ಸರಿತಾ ಅನ್ನುವ ನಟಿಯ ಕೇಸಿನಲ್ಲಿ, ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಬೇರೊಂದು ಕೇಸಿನಲ್ಲಿ ಸೆಕ್ಷನ್ ಸರಿಯಾಗಿದೆ ಅಂದಿತು. ಹೆಂಡತಿಯ ಮೇಲೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಅಂತ 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟ್ ಕೇಸು ನಡೆಯಲು ಬಿಟ್ಟಿತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರಲ್ಲಿ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನ ಬಲಾತ್ಕಾರ ಅತ್ಯಾಚಾರವಲ್ಲ ಅನ್ನುವ ವಿನಾಯಿತಿ ಹಾಗೇ ಉಳಿದಿದೆ.

ಅಮ್ಮನಿಗೆ ನಾನು ಇದ್ಯಾವುದನ್ನೂ ಹೇಳಲಿಲ್ಲ. ಹೇಳುವ ಮೊದಲೇ ತಮ್ಮ ಊಟದ ತಟ್ಟೆ ಸರಿಸಿ ಎದ್ದ. "ನಾನು ಎತ್ತಿ ಆಡಿಸಿದ ಮಗು ಅಮ್ಮಾ ಅದು" ಅಂದ. ಮೂರು ದಿನ ಅಮ್ಮನ ಜೊತೆ ಮಾತಾಡಲಿಲ್ಲ.

ಆ ದಿನ ಅವನ ಮೇಲೆ ಬಂದ ಪ್ರೀತಿಯಲ್ಲೇ ನನಗೆ ಸ್ವಲ್ಪ ಧೈರ್ಯವೂ ಬಂತು, ಕೇಳಿಯೇಬಿಟ್ಟೆ. ಎಂಟು ವರ್ಷದಲ್ಲಿ ನಮ್ಮನ್ನು ಬೇಡ ಅಂದವರ ಲೆಕ್ಕ ಸರಿ, ನಾವು ಬೇಡ ಅಂದವರು ಎಷ್ಟು ಜನ? ಬಣ್ಣ ಕಮ್ಮಿ ಅಂತ ಒಬ್ಬಳನ್ನು ಬಿಟ್ಟೆವು. ಜಾತಕ ಅಂತ ನೆಪ ಹೇಳಿದ್ದೆವು, ಬಣ್ಣವೇ. ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಯೊಬ್ಬಳು ತಾನಾಗಿ ಇಷ್ಟಪಟ್ಟಿದ್ದಳು. ಜಾತಿ ಬೇರೆ. ಅಮ್ಮ ಬಾವಿಗೆ ಬೀಳುತ್ತೇನೆ ಅಂದರು, ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಡೈವರ್ಸ್ ಆದವರ ಫೋಟೋ ಬಂದರೆ ಬ್ರೋಕರ್‌ಗೇ ಬೈದು ಕಳಿಸುತ್ತಿದ್ದೆವು. 'ಹೆಣ್ಣು ಸಿಗಲ್ಲ' ಅನ್ನುವಾಗ ಇವರ್ಯಾರೂ ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ನಾನೂ ಸಾಚಾ ಅಲ್ಲ. 21 ವರ್ಷದವಳಿದ್ದಾಗ ಎರಡು ಒಳ್ಳೆಯ ಜಮೀನಿನ ಸಂಬಂಧ ಬೇಡ ಅಂದವಳು ನಾನು. ಹುಡುಗರಲ್ಲಿ ಕೊರತೆ ಇರಲಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಹುಳದ ಮನೆ. ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗಂತಾರೆ) ಎದ್ದ ಮೇಲೆ ಒಂದು ವಾರ ರಾತ್ರಿ ಹಗಲು ತಿನ್ನುತ್ತದೆ. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಒಂದೇ ವಾರಕ್ಕೆ ಬೇಕು. ಅಮ್ಮ ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕಿ ಮಲಗಿ, ಮತ್ತೆ ನಾಲ್ಕಕ್ಕೆ ಎದ್ದು ಸೊಪ್ಪು ಹಾಕಿ, ಹಾಲು ಕರೆದು ಡೈರಿಗೆ ಕೊಟ್ಟು, ಮುದ್ದೆಗೆ ಎಸರಿಡುತ್ತಿದ್ದರು. ಗೂಡು ಹಾಕಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದದ್ದು ಅಪ್ಪ, ದುಡ್ಡು ಎಣಿಸುತ್ತಿದ್ದದ್ದೂ ಅಪ್ಪ. ಹುಡುಗಿಯರು ಬೇಡ ಅನ್ನುತ್ತಿರುವುದು ಗಂಡಸನ್ನೋ ಈ ಕೆಲಸವನ್ನೋ ಅಂತ ಒಂದು ಸಲ ಕೇಳಿ ನೋಡಿ. ನಿಮ್ಮ ಪ್ರಶ್ನೆಯಲ್ಲಿ 'ದೇಹ' ಅಂತ ಬರೆದಿದ್ದೀರಿ. ಹೆಣ್ಣು ಕೇಳಲು ಬಂದ ಮನೆಯವರು ಅದರ ಜೊತೆಗೆ ನಾಲ್ಕು ಹಸುವಿನ ಸಗಣಿಯನ್ನೂ ಕೇಳುತ್ತಿರುತ್ತಾರೆ.

ತಮ್ಮನ ಒಂಟಿತನ ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ರಾತ್ರಿ ಫೋನ್ ಮಾಡಿ ಏನೂ ಮಾತಾಡದೆ "ಊಟ ಆಯ್ತಾ ಅಕ್ಕಾ" ಅಂತಷ್ಟೇ ಕೇಳಿ ಇಟ್ಟುಬಿಡುತ್ತಾನೆ. ಅದು ನೋವೇ. ಆದರೆ ಆ ನೋವಿನ ಸಾಲವನ್ನು ಯಾವ ಹುಡುಗಿಯೂ ಮಾಡಿಲ್ಲ, ತೀರಿಸಬೇಕಾಗಿಯೂ ಇಲ್ಲ.

ಎರಡು ತಿಂಗಳ ಹಿಂದೆ ಶ್ರೀನಿವಾಸಪುರ ಕಡೆಯ ಒಂದು ಸಂಬಂಧ ಬಂತು. ಡೈವರ್ಸ್ ಆಗಿದೆ, ಐದು ವರ್ಷದ ಮಗ ಇದ್ದಾನೆ, ಫ್ಯಾಕ್ಟರಿ ಕೆಲಸ ಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದಾಳೆ. ಈ ಸಲ ಬ್ರೋಕರ್‌ಗೆ ಯಾರೂ ಬೈಯಲಿಲ್ಲ. ಫೋನಿನಲ್ಲಿ ಅವಳು ತಮ್ಮನನ್ನು ಕೇಳಿದ ಎರಡನೇ ಪ್ರಶ್ನೆಯೇ, ಹುಳದ ಮನೆಗೆ ರಾತ್ರಿ ಸೊಪ್ಪು ಹಾಕೋರು ಯಾರು ಅಂತ. ಇವನು "ಈಗ ನಾನೇ ಹಾಕೋದು" ಅಂದನಂತೆ. "ಈಗ ಸರಿ, ಆಮೇಲೆ?" ಅಂದಳಂತೆ. ಅದಕ್ಕೆ ಏನು ಹೇಳಿದ ಅಂತ ನನಗೆ ಹೇಳಿಲ್ಲ. ಅಮ್ಮ ಇನ್ನೂ ಒಪ್ಪಿಲ್ಲ.